‘ಲಾಲಿ’ ಎಂಬ ಫ್ರೆಂಚ್ ಮನೆತನದ ಹೆಸರು: ಅದರ ಮೂಲವೂ ಸಂಚಾರವೂ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದಾಗ ನಾವು ಒಂದು ವಾಕ್ಯದ ಬಳಿ ನಿಲ್ಲಬೇಕಾಯಿತು. ವಾಂಡಿವಾಷ್ ಕದನದಲ್ಲಿ ಸೋತ ಕೌಂಟ್ ಲಾಲಿಯು ಅನಂತರ ಹೈದರಾಲಿಯ ಸೇನೆಯನ್ನು ಸೇರಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮೇಲೆ ಸೇಡು ತೀರಿಸಿಕೊಂಡನೆಂದು ವಿದ್ಯಾರ್ಥಿಯೊಬ್ಬನು ಬರೆದಿದ್ದನು. ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿದೆವು. ಮರುದಿನ ಆ ಹುಡುಗನು ಅಚ್ಚಾದ ಪುಸ್ತಕವೊಂದನ್ನು ಹಿಡಿದುಕೊಂಡು ಬಂದು, ‘ಸಾರ್, ಇಲ್ಲಿ ಹೀಗೆಯೇ ಇದೆಯಲ್ಲಾ’ ಎಂದನು. ಹಾಗೆಯೇ ಇದ್ದಿತು. ಅದಕ್ಕಿಂತಲೂ ಸಂಕೋಚದ ಸಂಗತಿಯೆಂದರೆ, ನಾವು ಈ ವೃತ್ತಿಗೆ ಬಂದ ಮೊದಲ ವರ್ಷದಲ್ಲಿ ಈ ಇಬ್ಬರು ಲಾಲಿಗಳನ್ನು ಚಿಕ್ಕಪ್ಪ ಮತ್ತು ಅಣ್ಣನ ಮಗ ಎಂಬಂತೆ ತರಗತಿಯಲ್ಲಿ ವಿವರಿಸಿದ್ದುದು ನೆನಪಿಗೆ ಬಂದಿತು. ಆಗ ನಮ್ಮಲ್ಲಿದ್ದ ಆಧಾರವು ಹೆಸರಿನ ಸಾಮ್ಯವೊಂದೇ. ಪ್ರಸ್ತುತ ಲೇಖನವನ್ನು ಆ ತಪ್ಪಿನ ಪರಿಮಾರ್ಜನೆಯೆಂದು ಭಾವಿಸಿದರೂ ನಮ್ಮ ಅಭ್ಯಂತರವಿಲ್ಲ.

ಮೊದಲು ಕಾಲಗಣನೆಯನ್ನು ಮುಗಿಸಿಬಿಡೋಣ. ವಾಂಡಿವಾಷಿನ ಲಾಲಿಯು ೧೭೬೬ನೆಯ ಮೇ ೯ರಂದು ಪ್ಯಾರಿಸ್ಸಿನಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಪೊಲ್ಲಿಲೂರಿನ ಕದನ ನಡೆದುದು ೧೭೮೦ನೆಯ ಸೆಪ್ಟೆಂಬರ್ ೧೦ರಂದು. ಸತ್ತು ಹದಿನಾಲ್ಕು ವರ್ಷಗಳಾದವನು ಯುದ್ಧ ಮಾಡಲಾರನಾದ್ದರಿಂದ ಇಬ್ಬರೂ ಒಬ್ಬನೇ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಆದರೆ ಇಬ್ಬರೂ ಒಂದೇ ಮನೆತನದವರಾಗಿದ್ದಿರಬಹುದೇ ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವಂತಹದಲ್ಲ. ಅದಕ್ಕೆ ಹೆಸರಿನ ಚರಿತ್ರೆಯನ್ನೇ ವಿಚಾರಿಸಬೇಕು.

ಹೆಸರುಗಳು ಊರೂರು ಅಲೆದು ರೂಪ ಬದಲಿಸುವುದಕ್ಕೆ ದೂರದ ನಿದರ್ಶನಗಳು ಬೇಕಿಲ್ಲ. ನಾವು ಪಾಠ ಹೇಳುವ ಆರ್.ಟಿ. ನಗರದ ಹೆಸರನ್ನೇ ನೋಡಬಹುದು. ಬಸ್ಸಿನ ಫಲಕದಲ್ಲಿ ಎರಡೇ ಅಕ್ಷರವಾಗಿ ಉಳಿದಿರುವ ಈ ಹೆಸರು ರವೀಂದ್ರನಾಥ ಟಾಗೋರರದು. ಟಾಗೋರ್ ಎಂಬುದು ಠಾಕುರ್ ಎಂಬ ಗೌರವವಾಚಕಕ್ಕೆ ಇಂಗ್ಲಿಷರ ನಾಲಗೆ ಕೊಟ್ಟ ರೂಪ; ಆ ಠಾಕುರ್ ಕೂಡ ಮೂಲದ ಹೆಸರಲ್ಲ. ಕುಶಾರಿ ಎಂಬುದು ಮನೆತನದ ಹಳೆಯ ಹೆಸರು. ಪಂಚಾನನ ಕುಶಾರಿ ಎಂಬ ಹಿರಿಯರು ಗೋವಿಂದಪುರಕ್ಕೆ ಬಂದು ನೆಲಸಿದಾಗ ಅಲ್ಲಿಯ ಬೆಸ್ತರು ಬ್ರಾಹ್ಮಣರೆಂಬ ಗೌರವದಿಂದ ಠಾಕುರ್ ಎಂದು ಕರೆದರೆಂದೂ, ಹಡಗಿನ ವ್ಯವಹಾರಕ್ಕೆ ಬಂದ ಇಂಗ್ಲಿಷರು ಅದನ್ನೇ ಹಿಡಿದುಕೊಂಡರೆಂದೂ ಆ ಮನೆತನದ ಐತಿಹ್ಯ. ಹೀಗೆ ಕುಶಾರಿ ಠಾಕುರವಾಗಿ, ಠಾಕುರ ಟಾಗೋರವಾಗಿ, ಟಾಗೋರ್ ಒಂದು ‘ಟಿ’ಯಾಗಿ ಬೆಂಗಳೂರಿಗೆ ಬಂದಿದೆ.

ಫ್ರಾನ್ಸಿನ ಮನೆತನದ ಹೆಸರುಗಳು ಹುಟ್ಟಿದ ಬಗೆಯೂ ನಮಗೆ ಅಪರಿಚಿತವಾದುದಲ್ಲ. ಉತ್ತರ ಕರ್ನಾಟಕದವರಿಗಂತೂ ಅದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಅಲ್ಲಿ ಬಡಿಗೇರ ಎಂಬುದು ಕಸುಬಿನಿಂದ ಬಂದಂತೆ ಫ್ರಾನ್ಸಿನಲ್ಲಿ ಕಮ್ಮಾರನಿಂದ ಲೆಫೆವ್ರ್ ಬಂದಿದೆ. ಹೊಸಮನಿ ಎಂಬುದಕ್ಕೆ ಮೇಜೋನ್ನವ್ ಎಂಬುದು ಅಕ್ಷರಶಃ ಸಮಾನ. ನಮ್ಮ ಸಂಸ್ಥಾನದಲ್ಲಿ ಬಹುಕಾಲ ಇದ್ದ ಅಬ್ಬೆ ದ್ಯುಬುವಾ ಅವರ ಹೆಸರಿಗೆ ‘ಕಾಡಿನವನು’ ಎಂದಷ್ಟೇ ಅರ್ಥ. ಜನ ಆ ಹೆಸರನ್ನು ಹೇಳಲು ಪ್ರಯಾಸಪಡದೆ ಅವರನ್ನು ದೊಡ್ಡಸ್ವಾಮಿಯವರು ಎಂದರು. ಊರಿನ ಮತ್ತು ತಂದೆಯ ಮೊದಲಕ್ಷರಗಳಿಂದಲೇ ಕೆಲಸ ಸಾಗಿಸುವ ಹಳೆಯ ಮೈಸೂರಿನವರಾದ ನಮಗೆ ಮಾತ್ರ ಮನೆತನದ ಹೆಸರೆಂಬುದು ಬದಲಾಗದ ಶಿಲಾಶಾಸನವೆಂಬ ಭ್ರಮೆಯಿದೆ. ವಸ್ತುಸ್ಥಿತಿ ಹಾಗಿಲ್ಲ. ೧೫೩೯ರ ವಿಲ್ಲೆ-ಕೊತ್ರೆ ರಾಜಶಾಸನವು ಜ್ಞಾನಸ್ನಾನದ ದಾಖಲೆಗಳನ್ನು ಇಡಬೇಕೆಂದು ಪಾದ್ರಿಗಳಿಗೆ ವಿಧಿಸಿತು. ಆದರೆ ಜನನದ ದಾಖಲೆಯಲ್ಲಿರುವ ಹೆಸರನ್ನು ಬಿಟ್ಟು ಬೇರೊಂದನ್ನು ಯಾರೂ ಧರಿಸಕೂಡದೆಂಬ ಕಟ್ಟಳೆ ಬಂದುದು ಮಹಾಕ್ರಾಂತಿಯ ಕಾಲದಲ್ಲಿ, ೧೭೯೪ನೆಯ ಆಗಸ್ಟ್ ೨೩ರಂದು. ಅಲ್ಲಿಯವರೆಗೆ ಕುಲೀನರು ತಮ್ಮ ಜಹಗೀರಿನ ಹೆಸರಿನ ಹಿಂದೆ ‘ದ’ ಎಂಬ ವಿಭಕ್ತಿಯನ್ನಿಟ್ಟು ಹೊಸ ಹೆಸರನ್ನು ಪಡೆಯುತ್ತಿದ್ದರು. ಸಾಮಾನ್ಯ ಸಿಪಾಯಿಗಳು ಪಾಳೆಯದಲ್ಲಿ ಅಡ್ಡಹೆಸರುಗಳನ್ನಿಟ್ಟುಕೊಂಡು ಅವುಗಳಿಂದಲೇ ದಾಖಲೆಗೆ ಸೇರುತ್ತಿದ್ದರು. ನಮ್ಮ ಕಥೆಯ ಇಬ್ಬರೂ ಈ ಸಡಿಲ ಕಾಲದವರು.

ಈಗ ಮೊದಲನೆಯ ಲಾಲಿಯ ವಂಶಕ್ಕೆ ಬರೋಣ. ಲಾಲಿ ಎಂಬುದು ಮೂಲತಃ ಫ್ರೆಂಚ್ ಹೆಸರೇ ಅಲ್ಲ. ಐರ್ಲೆಂಡಿನ ಪಶ್ಚಿಮ ಭಾಗದ ಗಾಲ್ವೇ ಪ್ರಾಂತದಲ್ಲಿ ಓ ಮೇಲಾಲೀ ಎಂಬ ಮನೆತನವೊಂದಿತ್ತು. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ‘ಓ’ ಎಂದರೆ ಮೊಮ್ಮಗ, ವಂಶಜ. ‘ಮೇಲ್’ ಎಂದರೆ ತಲೆ ಬೋಳಿಸಿಕೊಂಡವನು, ಅದರಿಂದ ಭಕ್ತನೆಂಬ ಅರ್ಥವೂ ಉಂಟು. ಇಂಗ್ಲಿಷರ ಆಡಳಿತ ಬಲವಾದಂತೆ ಈ ಹೆಸರು ಓ ಮಲ್ಲಾಲಿ ಆಯಿತು. ಮುಂದೆ ‘ಓ’ ಉದುರಿ ಮಲ್ಲಾಲಿ, ‘ಮಲ್’ ಕೂಡ ಉದುರಿ ಲಾಲಿ ಆಯಿತು. ಈ ಜನ ಮೊದಲಿಗೆ ಲಖ್ರೇ ಎಂಬ ಊರಿನ ಸುತ್ತಣ ಮೇನ್ಮಾಗ್ ಸೀಮೆಯ ಒಡೆಯರು. ನಾರ್ಮನರು ಬಂದು ನೆಲವನ್ನು ಕಸಿದುಕೊಂಡ ಮೇಲೆ ಉತ್ತರಕ್ಕೆ ಸರಿದು ಟ್ಯೂಮ್ ಪಟ್ಟಣದ ಹತ್ತಿರ ಟುಲ್ಲಖ್ ನ ಡಾಲ ಎಂಬಲ್ಲಿ ನೆಲೆಯೂರಿದರು. ಆ ಸ್ಥಳನಾಮಕ್ಕೆ ‘ಸಭೆಯ ದಿಬ್ಬ’ವೆಂದು ಅರ್ಥ. ಇಂದಿನ ಐರಿಷ್ ಲೋಕಸಭೆಯ ಹೆಸರಾದ ಡಾಯಿಲ್ ಎಂಬುದೂ ಇದೇ ಧಾತುವಿನದು. ಈ ದಿಬ್ಬದ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

೧೬೯೧ರಲ್ಲಿ ಲಿಮರಿಕ್ ಒಪ್ಪಂದವಾಯಿತು. ಪದಚ್ಯುತ ದೊರೆ ಎರಡನೆಯ ಜೇಮ್ಸನ ಪಕ್ಷ ಹಿಡಿದು ಸೋತ ಐರಿಷ್ ಸೈನಿಕರಿಗೆ ಫ್ರಾನ್ಸಿಗೆ ಹೋಗಲು ಅನುಮತಿ ದೊರೆಯಿತು. ಸುಮಾರು ೧೪,೦೦೦ ಸೈನಿಕರು ಹಾಗೆ ಹೊರಟರು. ಮರಳಿ ಬಾರದ ಇವರನ್ನು ಆ ನಾಡಿನವರು ‘ಕಾಡುಬಾತುಗಳು’ ಎಂದು ಕರೆಯುತ್ತಾರೆ. ಈ ವಲಸೆಯ ಕಾಲದಲ್ಲಿ ಫ್ರಾನ್ಸನ್ನು ಸೇರಿದವರಲ್ಲಿ ಜೆರಾರ್ಡ್ ಲಾಲಿಯೂ ಒಬ್ಬನು. ಅವನು ಫ್ರೆಂಚ್ ದೊರೆಯ ಸೇವೆಯಲ್ಲಿದ್ದ ಡಿಲ್ಲನ್ ಎಂಬ ಐರಿಷ್ ರೆಜಿಮೆಂಟಿನಲ್ಲಿ ಅಧಿಕಾರಿಯಾದನು. ದೋಫಿನೇ ಪ್ರಾಂತದ ಫ್ರೆಂಚ್ ಕುಲೀನ ಮನೆತನದ ಹೆಣ್ಣನ್ನು ಮದುವೆಯಾದನು. ೧೭೦೨ರಲ್ಲಿ ಅಲ್ಲಿಯ ರೋಮಾನ್ ಪಟ್ಟಣದಲ್ಲಿ ಅವರಿಗೆ ಹುಟ್ಟಿದ ಮಗನೇ ತೋಮಾ ಆರ್ತ್ಯೂರ್. ಫ್ರಾನ್ಸಿನಲ್ಲಿ ಕುಲೀನನಾಗಿ ಬಾಳಬೇಕಾದರೆ ‘ದ’ ಎಂಬುದೊಂದು ಬೇಕಷ್ಟೆ. ಕೈತಪ್ಪಿಹೋದ ಐರ್ಲೆಂಡಿನ ಆ ಸಭೆಯ ದಿಬ್ಬವೇ ‘ದ ತೊಲ್ಲಾಂದಾಲ್’ ಆಗಿ ಇವರ ಹೆಸರಿಗೆ ಅಂಟಿಕೊಂಡಿತು. ನೆಲ ಹೋದರೂ ನೆಲದ ಹೆಸರು ಉಳಿಯಿತು. ಲಾಲಿ-ತೊಲ್ಲಾಂದಾಲ್ ಎಂದು ಕೇಳಿದಾಗ ಅಚ್ಚ ಫ್ರೆಂಚಿನಂತೆ ಕಿವಿಗೆ ಬೀಳುವ ಈ ಹೆಸರಿನಲ್ಲಿ ಒಂದಕ್ಷರವೂ ಫ್ರೆಂಚಲ್ಲ.

೧೭೪೫ರ ಫೊಂತೆನ್ವಾ ಕದನದಲ್ಲಿ ತೋಮಾ ಆರ್ತ್ಯೂರನ ಪರಾಕ್ರಮವನ್ನು ಕಂಡು ಹದಿನೈದನೆಯ ಲೂಯಿ ದೊರೆಯು ರಣರಂಗದಲ್ಲಿಯೇ ಅವನಿಗೆ ಬ್ರಿಗೇಡಿಯರ್ ಪದವಿಯನ್ನಿತ್ತನು. ೧೭೫೮ರ ಏಪ್ರಿಲ್ಲಿನಲ್ಲಿ ಪುದುಚೇರಿಗೆ ಬಂದಿಳಿದಾಗ ಅವನಿಗೆ ಐವತ್ತಾರು ವರ್ಷ. ಈ ದೇಶದ ಪರಿಚಯ ಸ್ವಲ್ಪವೂ ಇರಲಿಲ್ಲ. ಸಾಮಾನು ಹೊರಲು ಜಾತಿಭೇದವೆಣಿಸದೆ ಸಿಕ್ಕಸಿಕ್ಕವರನ್ನು ಹಿಡಿದು ತಂದು ಜನರ ದ್ವೇಷವನ್ನು ಕಟ್ಟಿಕೊಂಡನು. ಮದರಾಸಿನ ಮುತ್ತಿಗೆ ವಿಫಲವಾಯಿತು. ೧೭೬೦ನೆಯ ಜನವರಿ ೨೨ರಂದು ವಾಂಡಿವಾಷಿನಲ್ಲಿ ಐರ್ ಕೂಟನು ಅವನನ್ನು ಸೋಲಿಸಿದನು. ಈ ಕೂಟನೂ ಐರ್ಲೆಂಡಿನ ಲಿಮರಿಕ್ ಪ್ರಾಂತದಲ್ಲಿ ಹುಟ್ಟಿದವನೇ. ಫ್ರೆಂಚರಿಗೂ ಇಂಗ್ಲಿಷರಿಗೂ ನಡೆದ ನಿರ್ಣಾಯಕ ಕದನವೆಂದು ನಾವು ಬರೆಯಿಸುವ ಈ ಯುದ್ಧದಲ್ಲಿ ಎರಡೂ ಕಡೆಯ ದಂಡನಾಯಕರು ಐರಿಷ್ ಸಂಬಂಧದವರಾಗಿದ್ದುದನ್ನು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ನಂಬುವುದೇ ಇಲ್ಲ.

ಮೈಸೂರಿಗೂ ಲಾಲಿ ಎಂಬ ಹೆಸರಿಗೂ ಮೊದಲ ಸಂಬಂಧ ಏರ್ಪಟ್ಟುದು ಇದೇ ೧೭೬೦ರಲ್ಲಿ. ಪುದುಚೇರಿಯನ್ನು ಇಂಗ್ಲಿಷರು ಸುತ್ತುವರಿಯುತ್ತಿದ್ದಾಗ ಲಾಲಿಯು ಹೈದರನ ನೆರವನ್ನು ಬೇಡಿ, ಅದಕ್ಕೆ ಪ್ರತಿಯಾಗಿ ತ್ಯಾಗದುರ್ಗದ ಕೋಟೆಯನ್ನು ಬಿಟ್ಟುಕೊಟ್ಟನು. ಹೈದರನ ಬಂಧುವಾದ ಮಖ್ದೂಮ್ ಆಲಿಯು ಸೈನ್ಯದೊಡನೆ ಹೋಗಿ ಇಂಗ್ಲಿಷರ ತುಕಡಿಯೊಂದನ್ನು ಸೋಲಿಸಿಯೂ ಇದ್ದನು. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾಯನು ಹೈದರನ ಮೇಲೆ ತಿರುಗಿಬಿದ್ದನು. ಹೈದರನು ರಾತ್ರೋರಾತ್ರಿ ಕಾವೇರಿಯನ್ನು ದಾಟಿ ಆನೇಕಲ್ಲಿನ ಮಾರ್ಗವಾಗಿ ಬೆಂಗಳೂರಿಗೆ ಓಡಿಬಂದು, ಮಖ್ದೂಮನಿಗೆ ಹಿಂದಿರುಗುವಂತೆ ಹೇಳಿಕಳುಹಿಸಿದನು. ಅತ್ತ ಲಾಲಿಯ ಕಡೆಯ ಆಸೆಯೂ ಹೋಯಿತು. ೧೭೬೧ನೆಯ ಜನವರಿ ೧೬ರಂದು ಪುದುಚೇರಿ ಶರಣಾಯಿತು. ಕೋಟೆಯಿಂದ ತಪ್ಪಿಸಿಕೊಂಡ ಫ್ರೆಂಚರಲ್ಲಿ ಸುಮಾರು ಮುನ್ನೂರು ಮಂದಿ ಆಲೇನ್ ಮತ್ತು ಹ್ಯೂಗಲ್ ಎಂಬವರ ಮುಂದಾಳುತನದಲ್ಲಿ ಹೈದರನ ಸೇವೆಗೆ ಬಂದರು. ಲಾಲಿ ಬರಲಿಲ್ಲ, ಅವನು ಇಂಗ್ಲಿಷರ ಸೆರೆಯಾಳಾಗಿ ಇಂಗ್ಲೆಂಡಿಗೆ ಹೋದನು.

ಅಲ್ಲಿಂದ ಮುಂದಿನದು ದುಃಖದ ಕಥೆ. ತನ್ನ ಮೇಲಣ ಆರೋಪಗಳಿಗೆ ಉತ್ತರ ಹೇಳಲು ಅವನು ತಾನಾಗಿಯೇ ಫ್ರಾನ್ಸಿಗೆ ಹೋಗಿ ಸೆರೆಮನೆಯನ್ನು ಸೇರಿದನು. ಪ್ಯಾರಿಸ್ಸಿನ ಪಾರ್ಲೆಮಾ ಎಂಬ ನ್ಯಾಯಸ್ಥಾನವು ಮರಣದಂಡನೆಯನ್ನು ವಿಧಿಸಿತು. ವಧಾಸ್ಥಾನಕ್ಕೆ ಒಯ್ಯುವಾಗ ಮಾತನಾಡದಂತೆ ಬಾಯಿಗೆ ತುರುಕಿದ್ದರು. ಅವನಿಗೊಬ್ಬ ಮಗನಿದ್ದನು. ವಿಧಿವತ್ತಾದ ವಿವಾಹದ ಸಂತಾನವಲ್ಲದ ಈ ಹುಡುಗನು ತ್ರೋಫಿಮ್ ಎಂಬ ಬರಿಯ ಹೆಸರಿನಿಂದ ಶಾಲೆಯಲ್ಲಿ ಬೆಳೆದನು. ತಾನು ಯಾರ ಮಗನೆಂಬುದು ಅವನಿಗೆ ತಿಳಿದುದು ತಂದೆಯ ವಧೆಗೆ ಒಂದು ದಿನ ಮುಂಚೆ, ತನ್ನ ಹದಿನೈದನೆಯ ವಯಸ್ಸಿನಲ್ಲಿ. ಕಳಂಕವೊಂದನ್ನೇ ಪಿತ್ರಾರ್ಜಿತವಾಗಿ ತರುವ ಹೆಸರನ್ನು ಬೇಡವೆನ್ನಬಹುದಾಗಿತ್ತು. ಅವನು ಅದನ್ನು ಧರಿಸಿ, ಅದರ ಕಳಂಕವನ್ನು ತೊಳೆಯುವುದಕ್ಕೆ ಟೊಂಕ ಕಟ್ಟಿದನು. ವೃದ್ಧ ವೊಲ್ತೇರನು ಅವನ ಬೆನ್ನಿಗೆ ನಿಂತನು; ೧೭೭೩ರಲ್ಲಿ ಅವನು ಭಾರತದ ಬಗ್ಗೆ ಪ್ರಕಟಿಸಿದ ಗ್ರಂಥಕ್ಕೆ ಈ ಮೊಕದ್ದಮೆಯೇ ಮುಖ್ಯ ಪ್ರೇರಣೆ. ೧೭೭೮ರಲ್ಲಿ ರಾಜಸಭೆಯು ತೀರ್ಪನ್ನು ರದ್ದುಗೊಳಿಸಿದ ವಾರ್ತೆಯು ಸಾವಿನ ಹಾಸಿಗೆಯಲ್ಲಿದ್ದ ವೊಲ್ತೇರನನ್ನು ತಲುಪಿತು. ಮಗ ಲಾಲಿ-ತೊಲ್ಲಾಂದಾಲನು ೧೭೮೯ರ ಮಹಾಸಭೆಯ ಸದಸ್ಯನಾಗಿ, ಮುಂದೆ ಫ್ರೆಂಚ್ ಅಕಾಡೆಮಿಯ ಸದಸ್ಯನೂ ಆಗಿ ೧೮೩೦ರಲ್ಲಿ ತೀರಿಕೊಂಡನು. ಆ ಮನೆತನದವರು ಮೈಸೂರಿನ ನೆಲವನ್ನು ಮೆಟ್ಟಲಿಲ್ಲ.

ಹಾಗಾದರೆ ಪೊಲ್ಲಿಲೂರಿನ ಲಾಲಿ ಯಾರು? ಅವನ ನಿಜವಾದ ಹೆಸರು ಲಾಲಿಯಲ್ಲ, ಲಾಲೇ. ಫ್ರೆಂಚ್ ಕಾಗದಪತ್ರಗಳಲ್ಲಿ ಅವನು ‘ದ ಲಾಲೇ’. ‘ದ ಮೋತ್ಸ್’ ಎಂಬುದು ಅವನ ಮನೆತನ. ಇಲ್ಲಿಯ ‘ದ ಲಾಲೇ’ ಎಂಬುದು ನಾವು ಮೇಲೆ ಹೇಳಿದ ಜಹಗೀರಿನ ಹೆಸರಿನ ಜಾತಿಗೆ ಸೇರಿದುದು. ಐರ್ಲೆಂಡಿನ ದಿಬ್ಬಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ಅವನು ಸವಾಯ್ ಪ್ರಾಂತದವನು. ಆಲ್ಪ್ಸ್ ಪರ್ವತದ ಮಡಿಲಿನ ಈ ಸೀಮೆ ಆಗ ಫ್ರಾನ್ಸಿಗೆ ಸೇರಿರಲಿಲ್ಲ. ಸಾರ್ಡೀನಿಯದ ದೊರೆಗೆ ಸೇರಿದ್ದಿತು. ಅದು ಸ್ಥಿರವಾಗಿ ಫ್ರಾನ್ಸಿನ ಭಾಗವಾದುದು ೧೮೬೦ರಲ್ಲಿ. ಆದುದರಿಂದ ಮೈಸೂರಿನ ಇತಿಹಾಸದ ಇಬ್ಬರು ‘ಫ್ರೆಂಚ್’ ಲಾಲಿಗಳಲ್ಲಿ ಒಬ್ಬನು ಐರಿಷ್ ವಲಸೆಗಾರನ ಮಗ, ಇನ್ನೊಬ್ಬನು ಸವಾಯ್ ನಾಡಿನವನು. ಮಹಾದಜಿ ಸಿಂಧಿಯಾನ ಪ್ರಸಿದ್ಧ ಸೇನಾನಿ ದ ಬುವಾನ್ಯನೂ ಈ ಸವಾಯ್ ಪ್ರಾಂತದವನೇ. ಅವನ ಹುಟ್ಟುಹೆಸರು ಲ ಬೋರ್ನ್ಯ್, ಎಂದರೆ ಒಕ್ಕಣ್ಣ. ಹೆಸರನ್ನು ತಿದ್ದಿಕೊಳ್ಳಲು ಅವನಿಗೆ ಕಾರಣವಿದ್ದಿತು!

ಲಾಲೇ ನಮ್ಮ ಕಣ್ಣಿಗೆ ಬೀಳುವುದು ನಿಜಾಮನ ಸೋದರನಾದ ಆದವಾನಿಯ ಬಸಾಲತ್ ಜಂಗನ ಸೇವೆಯಲ್ಲಿ. ೧೭೭೫ರ ಸುಮಾರಿನಲ್ಲಿ ಬಳ್ಳಾರಿಯ ಪಾಳೆಯಗಾರನು ಕಪ್ಪ ಕೊಡಲೊಲ್ಲದೆ ಹೈದರನ ಮೊರೆಹೊಕ್ಕಾಗ ಆ ಕೋಟೆಯನ್ನು ಮುತ್ತಿದ್ದವನು ಇವನೇ. ಹೈದರನು ಶ್ರೀರಂಗಪಟ್ಟಣದಿಂದ ಐದೇ ದಿನಗಳಲ್ಲಿ ಧಾವಿಸಿ ಬಂದು ಮುತ್ತಿಗೆಯವರ ಮೇಲೆರಗಿದನು. ಲಾಲೇ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡನು. ಹೈದರನು ಬಳ್ಳಾರಿಯನ್ನೂ ನುಂಗಿದನೆಂಬುದು ಬೇರೆ ಮಾತು. ಆ ಕೋಟೆಯನ್ನು ಪುನಃ ಕಟ್ಟಿಸಿದ ಫ್ರೆಂಚ್ ಶಿಲ್ಪಿಯೊಬ್ಬನನ್ನು, ಎದುರಿನ ಗುಡ್ಡ ಇನ್ನೂ ಎತ್ತರವಾಗಿದ್ದುದಕ್ಕಾಗಿ ಹೈದರನು ಗಲ್ಲಿಗೇರಿಸಿದನೆಂದು ಬಳ್ಳಾರಿಯವರು ಇಂದಿಗೂ ಹೇಳುತ್ತಾರೆ. ಅವನ ಹೆಸರನ್ನು ಮಾತ್ರ ಯಾರೂ ಹೇಳರು.

೧೭೭೯ರಲ್ಲಿ ಗುಂಟೂರಿನ ವಿಷಯವಾಗಿ ಇಂಗ್ಲಿಷರು ಬಸಾಲತ್ ಜಂಗನೊಡನೆ ಒಪ್ಪಂದ ಮಾಡಿಕೊಂಡು, ಅವನು ತನ್ನ ಫ್ರೆಂಚ್ ದಳವನ್ನು ಕಳುಹಿಸಿಬಿಡಬೇಕೆಂದು ಷರತ್ತು ಹಾಕಿದರು. ಹೀಗೆ ತಬ್ಬಲಿಯಾದ ದಳವನ್ನು ಹೈದರನು ಬರಮಾಡಿಕೊಂಡನು. ತಮ್ಮ ಜಾಣತನದಿಂದಲೇ ಇಂಗ್ಲಿಷರು ವೈರಿಗೆ ಒಂದು ತರಬೇತಾದ ಪಡೆಯನ್ನು ಒಪ್ಪಿಸಿಕೊಟ್ಟಂತಾಯಿತು. ಮರುವರ್ಷವೇ ಪೊಲ್ಲಿಲೂರಿನಲ್ಲಿ ಬೇಯ್ಲಿಯ ಸೈನ್ಯ ನಾಶವಾಯಿತು. ಶರಣಾದವರ ಕೊಲೆಯನ್ನು ತಡೆಯಲು ಲಾಲೇಯೂ ಪಿಮೊರಾನ್ ಎಂಬ ಇನ್ನೊಬ್ಬ ಫ್ರೆಂಚ್ ಅಧಿಕಾರಿಯೂ ಮಧ್ಯೆ ಪ್ರವೇಶಿಸಿದರೆಂದು ಇಂಗ್ಲಿಷ್ ಬರಹಗಾರರೇ ಒಪ್ಪಿಕೊಂಡಿದ್ದಾರೆ. ೧೭೮೨ರ ಫೆಬ್ರುವರಿಯಲ್ಲಿ ತಂಜಾವೂರು ಸೀಮೆಯಲ್ಲಿ ಟಿಪ್ಪುವು ಬ್ರೇತ್‌ವೇಟನನ್ನು ಸೆರೆಹಿಡಿದಾಗ ಅವನೊಡನಿದ್ದ ಲಾಲೇಯ ದಳದಲ್ಲಿ ೪೦೦ ಐರೋಪ್ಯರಿದ್ದರೆಂದು ವಿಲ್ಕ್ಸನು ಹೇಳುತ್ತಾನೆ.

ಲಾಲೇ ಲಾಲಿಯಾದುದು ಹೇಗೆ? ಇದಕ್ಕೆ ಎರಡು ಕಾರಣಗಳು ನಮಗೆ ತೋರುತ್ತವೆ. ಮೊದಲನೆಯದು ಇಂಗ್ಲಿಷರ ಕಿವಿ. ಫ್ರೆಂಚಿನ ಪದಾಂತ್ಯದ ಏಕಾರವನ್ನು ಅವರು ಈಕಾರವಾಗಿ ಕೇಳುವುದು, ಬರೆಯುವುದು ಸಹಜ. ಅದರೊಡನೆ ವಾಂಡಿವಾಷಿನ ಲಾಲಿಯ ಹೆಸರು ಮದರಾಸಿನವರ ನಾಲಗೆಯ ಮೇಲೆ ಆಗಲೇ ಇದ್ದಿತು. ಹೊಸ ಹೆಸರು ಹಳೆಯ ಅಚ್ಚಿನೊಳಗೆ ಬಿದ್ದಿತು. ಎರಡನೆಯದು ಪಾರಸಿ ಲಿಪಿ. ಆ ಲಿಪಿಯಲ್ಲಿ ಪದಾಂತ್ಯದ ಈಕಾರಕ್ಕೂ ಏಕಾರಕ್ಕೂ ‘ಯೇ’ ಎಂಬ ಒಂದೇ ಅಕ್ಷರ. ಆದ್ದರಿಂದ ಪಾರಸಿಯಲ್ಲಿ ಲಾಲಿ, ಲಾಲೇ ಎರಡನ್ನೂ ಬರೆಯುವ ರೀತಿ ಒಂದೇ. ಬಾಯಿಯಲ್ಲಿ ಭೇದವಿದ್ದರೂ ಬರಹದಲ್ಲಿ ಅಳಿಸಿಹೋಗುತ್ತದೆ. ವಿಲ್ಕ್ಸನು ‘ಲಾಲಿ’ ಎಂದೇ ಬರೆದನು. ವಿಲ್ಕ್ಸನನ್ನು ಅನುಸರಿಸಿದ ನಮ್ಮವರೂ ಹಾಗೆಯೇ ಬರೆದರು. ಇಂತಹ ರೂಪಾಂತರ ಇವನೊಬ್ಬನದೇ ಅಲ್ಲ. ಹೈದರಾಬಾದಿನ ನಿಜಾಮನ ಸೇನಾನಿಯಾದ ರೇಮೊಂ ಎಂಬವನು ಜನರ ಬಾಯಿಯಲ್ಲಿ ಮೂಸಾ ರಾಮನಾದನು. ಫ್ರೆಂಚರ ‘ಮ್ಯೊಸ್ಯ’ ಎಂಬ ಗೌರವಪದವೇ ಈ ‘ಮೂಸಾ’. ಆ ಊರಿನ ಮೂಸಾರಾಂಬಾಗ್ ಅವನ ನೆನಪು. ಮುಸಲ್ಮಾನರು ಮೂಸಾ ಎಂದೂ ಹಿಂದೂಗಳು ರಾಮನೆಂದೂ ತಮ್ಮವನನ್ನಾಗಿ ಮಾಡಿಕೊಂಡರೆಂಬ ಕಥೆ ಆಮೇಲೆ ಹುಟ್ಟಿತು. ಪಂಜಾಬಿನ ಜಾಟರಲ್ಲಿಯೂ ಲಾಲಿ ಎಂಬ ಮನೆತನವುಂಟು. ಇಂಗ್ಲಿಷಿನಲ್ಲಿ ಅದರ ಕಾಗುಣಿತವೂ ಐರಿಷ್ ಲಾಲಿಯಂತೆಯೇ ಇರುವುದುಂಟು. ಕನ್ನಡದಲ್ಲಂತೂ ಲಾಲಿ ಎಂದರೆ ತೊಟ್ಟಿಲ ಹಾಡು. ಧ್ವನಿಸಾಮ್ಯದಿಂದ ನೆಂಟಸ್ತನವನ್ನು ಕಲ್ಪಿಸಹೊರಟರೆ ಇದು ಎಲ್ಲಿಗೆ ಹೋಗಿ ಮುಟ್ಟೀತೆಂಬುದನ್ನು ಓದುಗರೇ ಊಹಿಸಬಹುದು.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರಿನ ಕದನದ ಚಿತ್ರವಿದೆ. ೧೭೮೪ರಲ್ಲಿ ಕಟ್ಟಿದ ಈ ಅರಮನೆಯ ಚಿತ್ರಗಳು ಒಮ್ಮೆ ಸುಣ್ಣದಡಿಯಲ್ಲಿ ಮುಚ್ಚಿಹೋಗಿ, ವೆಲ್ಲೆಸ್ಲಿಯಿಂದ ಪುನರುದ್ಧಾರಗೊಂಡು, ಮತ್ತೆ ೧೮೫೫ರಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಹೊಸದಾಗಿ ಬರೆಯಲ್ಪಟ್ಟವು. ಅಲ್ಲಿ ದುರ್ಬೀನನ್ನು ಹಿಡಿದು ರಣರಂಗವನ್ನು ನೋಡುತ್ತಿರುವ ಫ್ರೆಂಚ್ ಅಧಿಕಾರಿಯನ್ನು ಲಾಲಿ ಎಂದು ಗುರುತಿಸುವುದು ವಾಡಿಕೆ. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಿದ್ದಾಗ ಮಾರ್ಗದರ್ಶಿಯೊಬ್ಬನು ‘ಫ್ರಾನ್ಸಿನಲ್ಲಿ ತಲೆ ಹೊಡೆಸಿಕೊಂಡ ಲಾಲಿ ಇವನೇ’ ಎಂದು ಬಹಳ ಉತ್ಸಾಹದಿಂದ ವರ್ಣಿಸಿದನು. ನಮ್ಮ ಉತ್ತರಪತ್ರಿಕೆಯ ಹುಡುಗನು ನಮ್ಮ ಮುಖವನ್ನು ನೋಡಿದನು. ಗೋಡೆಯ ಮೇಲಿರುವ ವ್ಯಕ್ತಿ ಆ ಕದನದ ಫ್ರೆಂಚ್ ದಳಪತಿಯೇ ಆಗಿದ್ದರೆ ಅವನನ್ನು ಲಾಲೇ ಎಂದೇ ಕರೆಯಬೇಕು. ಐರಿಷ್ ಲಾಲಿಯ ಪಾಲಿಗೆ ಅವನದಲ್ಲದ ಗೆಲವು ಬೇಡ. ಸವಾಯಿನವನ ಪಾಲಿಗೆ ಅವನದಲ್ಲದ ಸಾವೂ ಬೇಡ.

ವ್ಯಕ್ತಿಗಿಂತ ಹೆಸರು ಹೆಚ್ಚು ಕಾಲ ಬಾಳಿದುದಕ್ಕೆ ಕೊನೆಯದಾಗಿ ಇನ್ನೊಂದು ನಿದರ್ಶನ. ೧೭೯೨ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಿದಾಗ ಟಿಪ್ಪುವಿನ ಐರೋಪ್ಯ ದಳಕ್ಕೆ ವಿಜೀ ಎಂಬವನು ನಾಯಕನಾಗಿದ್ದನು. ಆದರೂ ಇಂಗ್ಲಿಷರ ಲೆಕ್ಕದಲ್ಲಿ ಅದು ‘ಲಾಲಿಯ ದಳ’ವೇ. ಆ ಮುತ್ತಿಗೆಯ ಸಮಯದಲ್ಲಿ ೫೭ ಮಂದಿ ಪರದೇಶಿಗಳು ಟಿಪ್ಪುವಿನ ಸೇವೆಯನ್ನು ಬಿಟ್ಟು ಹೊರಬಂದರೆಂದು ಡಿರೋಮನು ಬರೆದಿದ್ದಾನೆ. ಅವರಲ್ಲಿ ಬ್ಲೆವೆತ್ ಎಂಬ ವೃದ್ಧ ಶಿಲ್ಪಿಯೂ ಲಾಫೋಲೀ ಎಂಬ ದುಭಾಷಿಯೂ ಇದ್ದರು. ಲಾಫೋಲೀ ಎಂದರೆ ಹುಚ್ಚುತನ. ಇದು ಪಾಳೆಯದ ಅಡ್ಡಹೆಸರಿನ ಧಾಟಿಯಲ್ಲಿಯೇ ಇದೆ. ಈ ಫ್ರೆಂಚರು ಬೀಡುಬಿಟ್ಟಿದ್ದ ಹಿರೋಡೆಯ ಬಂಡೆಗಳಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದು, ಊರಿಗೂ ರೈಲು ನಿಲ್ದಾಣಕ್ಕೂ ಅದೇ ಅಂಟಿಕೊಂಡಿತು. ಈಗ ಆ ಊರು ಪಾಂಡವಪುರ. ಬಂಡೆಯ ಮೇಲೆ ಪಾಂಡವರು ತಂಗಿದ್ದರೆಂದೂ ಕುಂತಿಗೆ ಆ ಸ್ಥಳ ಪ್ರಿಯವಾಗಿತ್ತೆಂದೂ ಅಲ್ಲಿಯವರು ಹೇಳುತ್ತಾರೆ.